ಬೆಳಗಾವಿಯಲ್ಲಿ ಒಬ್ಬರು 80ರ ದಶಕದ ಅಡಿಡಾಸ್ ಜಾಕೆಟ್ ಅಂತ ಮಾರುತ್ತಿದ್ದಾರೆ. ನಿಜಾನಾ ಅಂತ ಹೇಗೆ ತಿಳಿಯೋದು?

ಎದೆ ಮೇಲಿನ ಲೋಗೋ ಬಿಡಿ, ಒಳಗಿನ ಲೇಬಲ್ ಓದಿ. ಮೂರೆಲೆ ಲೋಗೋ 70ರ ದಶಕದ ಶುರುವಿನಿಂದ ಇದೆ, ಕಂಪನಿ ಈಗ 'ಒರಿಜಿನಲ್ಸ್' ಅನ್ನೋ ಹೆಸರಲ್ಲಿ ಮಾರೋ ಹೊಸ ಮಾಲಿನ ಮೇಲೂ ಅದೇ ಬರುತ್ತೆ, ಹಾಗಾಗಿ ಅದರಿಂದ ವಯಸ್ಸು ಗೊತ್ತಾಗಲ್ಲ.

ಲೇಬಲ್‌ನಲ್ಲಿ 'ಮೇಡ್ ಇನ್ ವೆಸ್ಟ್ ಜರ್ಮನಿ' ಅಂತಿದ್ದರೆ ಒಳ್ಳೆ ಗುರುತು, ಯಾಕಂದ್ರೆ 1990ರ ಅಕ್ಟೋಬರ್‌ನಲ್ಲಿ ಎರಡೂ ಜರ್ಮನಿ ಒಂದಾದವು. ಇಲ್ಲದಿದ್ದರೆ ನಕಲಿ ಅಂತೇನಲ್ಲ, ಆಗ ಯುಗೊಸ್ಲಾವಿಯಾದಲ್ಲೂ ಹೊಲಿಯುತ್ತಿದ್ದರು. ವೆಬ್‌ಸೈಟ್ ವಿಳಾಸವೋ ಕ್ಯೂಆರ್ ಕೋಡೋ ಕಂಡರೆ ಮಾತ್ರ ಕಥೆ ಮುಗೀತು, 80ರಲ್ಲಿ ಅದೆಲ್ಲಿಂದ ಬರಬೇಕು ಹೇಳಿ!

ಈಗಿನ ಮಾಲಿನ ಲೇಬಲ್‌ನಲ್ಲಿ ಅಕ್ಷರ, ಅಂಕಿ ಸೇರಿದ ಒಂದು ಕೋಡ್ ಇರುತ್ತೆ. ಅದನ್ನು ಗೂಗಲ್‌ಗೆ ಹಾಕಿ. ಅದೇ ಜಾಕೆಟ್, ಅದೇ ಬಣ್ಣ ಬಂದರೆ ಕಂಪನಿಯೇ ಹಳೇ ಡಿಸೈನಿನಲ್ಲಿ ಮತ್ತೆ ತಂದದ್ದು, ಅಂದರೆ ರೀಇಶ್ಯೂ ಇರಬಹುದು. ಯಾವುದೋ ಶೂ ಬಂದರೆ ಕೋಡ್ ಕದ್ದಿದ್ದು, ಮಾಲು ಡೂಪ್ಲಿಕೇಟ್.

ಇನ್ನೊಂದು, ಲೇಬಲ್‌ನ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಪಕ್ಕದಲ್ಲಿ ಹಳೇ ಸೂಜಿ ತೂತು ಇದ್ದು ದಾರ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಬೇರೆ ಬಟ್ಟೆಯ ಲೇಬಲ್ ತಂದು ಹೊಲಿದಿರೋ ಅನುಮಾನ ಜಾಸ್ತಿ. ಬಣ್ಣ ಮಾಸಿದೆ ಅನ್ನೋದನ್ನ ಸಾಕ್ಷಿ ಅಂತ ತಗೋಬೇಡಿ, ನಮ್ಮ ಕಡೆ ಬಿಸಿಲಿಗೆ ಎರಡು ಬೇಸಿಗೆ ಒಣಹಾಕಿದರೆ ಯಾವ ಜಾಕೆಟ್ಟೂ ಮಾಸುತ್ತೆ.

ರೀಇಶ್ಯೂ ಅಂದರೆ ಮೋಸ ಅಲ್ಲ, ಹಾಕ್ಕೊಳ್ಳೋಕೆ ಚೆನ್ನಾಗೇ ಇರುತ್ತೆ. ವಿಂಟೇಜ್ ರೇಟ್ ಮಾತ್ರ ಕೊಡಬೇಡಿ. ಲೇಬಲ್‌ನ ಎರಡೂ ಬದಿ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಸುಮ್ನೆ ಬಿಟ್ಟುಬಿಡಿ.