ಫಾರ್ಸ್ ಮತ್ತು ನೀತಿ: ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

ಮಧ್ಯಯುಗದ ಫ್ರಾನ್ಸಿನ ‘ಫಾರ್ಸ್’ ಪ್ರಹಸನಗಳಲ್ಲಿ ಕೊನೆಗೆ ವಂಚಕನೇ ವಂಚನೆಗೊಳಗಾಗುವುದರಿಂದ ಅವನ್ನು ನೀತಿನಾಟಕದ ಹಗುರವಾದ ರೂಪವೆಂದು ಕರೆಯಬಹುದಲ್ಲವೇ ಎಂದು ತಮ್ಮ ಪತ್ರದಲ್ಲಿ ಕೇಳಿದ್ದೀರಿ. ನಮಗೆ ಹಾಗೆ ತೋರುವುದಿಲ್ಲ. ಅದೇ ಕಾಲದ ‘ಮೊರಾಲಿಟೆ’ ಎಂಬ ನೀತಿನಾಟಕಗಳಲ್ಲಿ ಸದ್ಗುಣ ದುರ್ಗುಣಗಳೇ ಪಾತ್ರ ಧರಿಸಿ ರಂಗಕ್ಕೆ ಬರುತ್ತವೆ; ಫಾರ್ಸಿನಲ್ಲಿ ಬರುವವರು ಗಂಡ, ಹೆಂಡತಿ, ಪಾದ್ರಿ, ವ್ಯಾಪಾರಿ, ಆಳು ಮೊದಲಾದ ಊರಿನ ಮಂದಿ. ಅಲ್ಲಿ ಸೋಲಿಗೆ ಕಾರಣ ಕೆಟ್ಟತನವಲ್ಲ, ತನಗಿಂತ ಚಾಲಾಕಿಯಾದವನ ಕೈಗೆ ಸಿಕ್ಕಿಬೀಳುವುದು.

15ನೆಯ ಶತಮಾನದ ಉತ್ತರಾರ್ಧದ, ಕರ್ತೃ ಯಾರೆಂದು ತಿಳಿಯದ ‘ಪಾತ್ಲೆನ್’ ಪ್ರಹಸನವನ್ನೇ ನೋಡಿ. ಕಕ್ಷಿದಾರರಿಲ್ಲದೆ ಬರಿಗೈಯಾದ ವಕೀಲ ಪಾತ್ಲೆನ್ ಜವಳಿ ವ್ಯಾಪಾರಿಯನ್ನು ಹೊಗಳಿ ಉಬ್ಬಿಸಿ ಬಟ್ಟೆಯನ್ನು ಸಾಲವಾಗಿ ಒಯ್ಯುತ್ತಾನೆ. ವ್ಯಾಪಾರಿಯೇನೂ ಸಂಭಾವಿತನಲ್ಲ, ಅಳತೆಗೆ 20 ಸೂ (ಅಂದಿನ ಫ್ರೆಂಚ್ ನಾಣ್ಯ) ಸಹ ಬಾಳದ ಬಟ್ಟೆಯನ್ನು 24ಕ್ಕೆ ದಾಟಿಸಿದೆನೆಂದು ಒಳಗೊಳಗೇ ಹಿಗ್ಗುತ್ತಾನೆ. ಹಣ ಕೇಳಲು ಆತ ಮನೆಗೆ ಬಂದಾಗ ಪಾತ್ಲೆನ್ ಸನ್ನಿ ಹಿಡಿದವನಂತೆ ನಾನಾ ಪ್ರಾಂತಗಳ ನುಡಿಗಳಲ್ಲಿ ಬಡಬಡಿಸುತ್ತಾನೆ. ಮುಂದೆ ಅದೇ ವ್ಯಾಪಾರಿಯ ಕುರಿಗಳನ್ನು ಕೊಂದು ತಿಂದ ಕುರಿಗಾಹಿಯ ವಕಾಲತ್ತು ವಹಿಸಿ, ಯಾರು ಏನು ಕೇಳಿದರೂ ‘ಬ್ಯಾ’ ಎಂದಷ್ಟೇ ಅನ್ನು ಎಂದು ಕಲಿಸುತ್ತಾನೆ. ನ್ಯಾಯಾಲಯದಲ್ಲಿ ವಕೀಲನ ಮುಖ ಕಂಡು ಕಂಗಾಲಾದ ವ್ಯಾಪಾರಿ ಬಟ್ಟೆಯನ್ನೂ ಕುರಿಯನ್ನೂ ಕಲಸಿ ಮಾತಾಡುತ್ತಾನೆ. ಕುರಿಯ ವಿಷಯಕ್ಕೆ ಬಾ ಎಂದು ನ್ಯಾಯಾಧೀಶ ಗದರಿಸುತ್ತಾನೆ. ಕುರಿಗಾಹಿ ಬಿಡುಗಡೆಯಾಗುತ್ತಾನೆ, ಫೀಸು ಕೇಳಿದ ವಕೀಲನಿಗೂ ‘ಬ್ಯಾ’ ಎನ್ನುತ್ತಾನೆ. ಕುರಿ ತಿಂದವನಿಗೆ ಶಿಕ್ಷೆಯಿಲ್ಲ, ಬಟ್ಟೆಯ ಹಣ ಸಂದಾಯವಾಗಲಿಲ್ಲ. ಇದರಲ್ಲಿ ಯಾವ ನೀತಿಯನ್ನು ಎತ್ತಿ ತೋರಿಸುವುದು?

ಆದರೆ ಈ ಕೃತಿಯನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ಸಾಮಾನ್ಯ ಫಾರ್ಸ್ ಕೆಲವು ನೂರು ಸಾಲುಗಳಲ್ಲಿ ಮುಗಿದರೆ, ಇದು 1,500ನ್ನೂ ಮೀರುತ್ತದೆ. ರಚನೆ ಮಾತ್ರ ಒಂದೇ ಬಗೆಯದು: ಎಂಟೆಂಟು ಉಚ್ಚಾರಾಂಶಗಳ, ಎರಡೆರಡಾಗಿ ಪ್ರಾಸಗೂಡುವ ಸಾಲುಗಳು. ಒಬ್ಬನ ಮಾತಿನ ಕೊನೆಯ ಸಾಲಿಗೆ ಜೊತೆಯಾಗಬೇಕಾದ ಪ್ರಾಸವನ್ನು ಮುಂದಿನವನ ಮೊದಲ ಸಾಲು ಹೊತ್ತು ತರುವುದು ವಾಡಿಕೆ. ಇದು ನಟರ ನೆನಪಿಗೂ ಸಂಭಾಷಣೆಯ ಬಿರುಸಿಗೂ ಒದಗುವ ಉಪಾಯ. ಅನುವಾದಗಳಲ್ಲಿ ಮೊದಲು ಕಳೆದುಹೋಗುವುದೂ ಇದೇ.

1512ರಲ್ಲಿ, ಕ್ರೈಸ್ತರ ನಲವತ್ತು ದಿನಗಳ ಉಪವಾಸ ತೊಡಗುವ ಮುನ್ನಾದಿನ, ಪ್ಯಾರಿಸ್ಸಿನ ಮಾರುಕಟ್ಟೆಯಲ್ಲಿ ಕವಿ, ನಾಟಕಕಾರ ಪಿಯೆರ್ ಗ್ರೆಂಗೋರ್ ಏರ್ಪಡಿಸಿದ ಆಟದಲ್ಲಿ ಮೊದಲು ಮೂರ್ಖವೇಷಧಾರಿಗಳ ‘ಸೋತಿ’, ಅನಂತರ ನೀತಿನಾಟಕ, ಕೊನೆಗೆ ಫಾರ್ಸ್ ನಡೆದವು. ಪೋಪ್ ಎರಡನೆಯ ಜೂಲಿಯಸ್‌ನ ವಿರುದ್ಧ ರಾಜನ ಪಕ್ಷ ವಹಿಸುವ ಕೆಲಸವನ್ನು ಮೊದಲೆರಡು ಭಾಗಗಳಿಗೆ ಒಪ್ಪಿಸಿ, ಫಾರ್ಸನ್ನು ದಾಂಪತ್ಯದ ತಂಟೆಗೆ ಬಿಟ್ಟದ್ದನ್ನು ಗಮನಿಸಿದರೆ, ಅಂದಿನವರು ಫಾರ್ಸನ್ನೂ ನೀತಿನಾಟಕವನ್ನೂ ಬೇರೆಬೇರೆಯಾಗಿಯೇ ಕಂಡಿದ್ದರೆಂದು ನಾವು ತಿಳಿಯುತ್ತೇವೆ.

— ಸಂಪಾದಕ