ಹಳೇ ಬಾಗಲಕೋಟೆಯನ್ನು ದೋಣಿಯಿಂದ ನೋಡಬಹುದಾ?

ನಿವೃತ್ತರಾದ ಅಪ್ಪ-ಅಮ್ಮನಿಗೆ ಅವರು ಬಾಳಿದ, ಆಲಮಟ್ಟಿ ಹಿನ್ನೀರಲ್ಲಿ ಒಂದಷ್ಟು ಭಾಗ ಮುಳುಗಿರುವ ಹಳೇ ಬಾಗಲಕೋಟೆ, ಕೂಡಲಸಂಗಮ ಎರಡನ್ನೂ ಒಂದೇ ದೋಣಿ ಪ್ರಯಾಣದಲ್ಲಿ ತೋರಿಸಬಹುದಾ ಅಂತ ಕೇಳಿದ್ದೀರಿ. ಆಗೋದಿಲ್ಲ. ನಡುವೆ ಆಲಮಟ್ಟಿ ಅಣೆಕಟ್ಟು ಇದೆಯಲ್ಲ! ಸಂಗಮ ಅದನ್ನು ದಾಟಿ ನದಿ ಹರಿಯುವ ಕಡೆ ಇದೆ, ಅಲ್ಲಿರುವುದು ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಆ ದಾರಿ ಕಾರಲ್ಲೇ ಹೋಗಿ.

ಬಾಗಲಕೋಟೆ ಕಡೆಗೆ ಮಳೆಗಾಲ ಮುಗಿದ ಮೇಲೆ ಬನ್ನಿ. ಆಲಮಟ್ಟಿ ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 519.6 ಮೀಟರ್ ಮಟ್ಟಕ್ಕೆ, ತುಂಬಿದಾಗ ಘಟಪ್ರಭೆಯ ಹಿನ್ನೀರು ಊರಂಚಿಗೇ ಬಂದು ನಿಂತಿರುತ್ತದೆ. ಆದರೆ ಮನೆ ಕಾಣುತ್ತದೆ ಅಂದುಕೊಳ್ಳಬೇಡಿ, ಬರೀ ನೀರು. ನಾವಿಬ್ಬರೂ ನಿವೃತ್ತಿಯಾದ ವರ್ಷ ಹೋಗಿದ್ದೆವು. "ನಮ್ಮ ತುಳಸಿಕಟ್ಟೆ ಇಲ್ಲೇ ಇತ್ತು" ಅಂತ ನನ್ನವಳು ಒಂದು ಕಡೆ ಕೈ ತೋರಿಸಿದಳು, ನಾನು ಇನ್ನೊಂದು ಕಡೆ. ಅಂಬಿಗ ಸುಮ್ನೆ ಹುಟ್ಟು ಎತ್ತಿ ಹಿಡಿದು ಕಾದ.

ಬೇಸಿಗೆಯಲ್ಲಿ ಮತ್ತೆ ನಡೆದು ಹೋದೆವು. ನೀರು ಸರಿದು ಕೆಸರು ಬಿರುಕು ಬಿಟ್ಟಿತ್ತು. ಅದರಲ್ಲಿ ಅರ್ಧ ಹೂತ ಬೀಸುಕಲ್ಲು. ನಮ್ಮದಲ್ಲ ಬಿಡಿ, ನಮ್ಮದು ಮುಳುಗಡೆಯಾದವರಿಗೆ ಕಟ್ಟಿದ ನವನಗರದ ನಮ್ಮ ಮನೆ ಹಿತ್ತಲಲ್ಲಿದೆ. ಆದರೂ ಅವಳು ಅದರ ತೂತಿನ ಮಣ್ಣು ತೆಗೆಯುತ್ತಾ ಬಹಳ ಹೊತ್ತು ಕೂತಳು.

ಲೈಫ್ ಜಾಕೆಟ್ ಇಲ್ಲದಿದ್ದರೆ ದೋಣಿ ಹತ್ತಿಸಬೇಡಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಗಾಳಿ ಜಾಸ್ತಿ.