ಅಮೆರಿಕದಲ್ಲಿ ಸಿಟಿ ಆಡಳಿತದ ಜಾಗದಲ್ಲಿ ಕಟ್ಟಿಕೊಡುವ ಅಗ್ಗದ ಮನೆಗಳಿಂದ ಕಪ್ಪು ಜನರಿಗೆ ನಿಜಕ್ಕೂ ಲಾಭ ಆಗಿದೆಯಾ? ಇದು ನಮ್ಮ ಬಿಡಿಎ ಸೈಟಿನ ಹಾಗೇನಾ?

ಮೊದಲನೆಯದಕ್ಕೆ ನನ್ನ ಉತ್ತರ: ಮನೆ ಸಿಕ್ಕಿದೆ, ದುಡ್ಡು ಅಷ್ಟಾಗಿ ಬೆಳೆದಿಲ್ಲ. ಎರಡನೆಯದಕ್ಕೆ: ಅಲ್ಲ. ವ್ಯತ್ಯಾಸ ಗೊತ್ತಾಗೋದು ಮನೆ ಮಾರಲು ಹೊರಟಾಗ.

ನಾನು ಬಾಸ್ಟನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಡೀ ಅಮೆರಿಕದ ಕಥೆ ಹೇಳಲು ಹೋಗುವುದಿಲ್ಲ. ಇಲ್ಲಿನ ರಾಕ್ಸ್‌ಬರಿಯ ಡಡ್ಲಿ ಸ್ಟ್ರೀಟ್ ಬಗ್ಗೆ ಹೇಳುತ್ತೇನೆ, ಅದು ನನಗೆ ಓಡಾಡಿ ಗೊತ್ತಿರುವ ಜಾಗ.

ಸಿಟಿ ಕೈಗೆ ಅಷ್ಟೊಂದು ಖಾಲಿ ಸೈಟು ಬಂದದ್ದು ಹೇಗೆ ಅಂತ ಮೊದಲು ನೋಡಬೇಕು. 1930ರ ದಶಕದಲ್ಲಿ ಸರ್ಕಾರದ ಸಾಲ ಸಂಸ್ಥೆ ಊರೂರಿನ ನಕ್ಷೆ ಮಾಡಿಸಿ, ಕಪ್ಪು ಜನರಿದ್ದ ಬಹುಪಾಲು ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಅಂಥ ಕಡೆ ಮನೆ ಸಾಲ ಸಿಗುವುದೇ ಕಷ್ಟವಾಯಿತು. ಬಿಳಿಯರು ಸರ್ಕಾರದ ಖಾತ್ರಿಯ ಸಾಲದಲ್ಲಿ ಊರ ಹೊರಗೆ ಮನೆ ಮಾಡಿಕೊಂಡರು. 1968ರಲ್ಲಿ ಬಾಸ್ಟನ್ನಿನ ಬ್ಯಾಂಕುಗಳು ಒಟ್ಟಾಗಿ ಕಪ್ಪು ಕುಟುಂಬಗಳಿಗೆ ಸಾಲ ಕೊಡುತ್ತೇವೆ ಅಂದವು. ಆದರೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಅದರ ಒಳಗಿನ ಮನೆಗಳಿಗೆ ಮಾತ್ರ! ತುಂಬ ಜನ ಕಂತು ಕಟ್ಟಲಾಗದೆ ಮನೆ ಕಳೆದುಕೊಂಡರು. ಎಪ್ಪತ್ತರ ದಶಕದಲ್ಲಿ ಮನೆಗಳಿಗೆ ಬೆಂಕಿ ಬೀಳಲು ಶುರುವಾಯಿತು, ಎಷ್ಟೋ ಕಡೆ ವಿಮೆ ದುಡ್ಡಿಗಾಗಿ ಮಾಲೀಕರೇ ಹಚ್ಚಿಸಿದ್ದು. ಕಂದಾಯ ಕಟ್ಟದ ಸೈಟುಗಳು ಒಂದೊಂದಾಗಿ ಸಿಟಿ ಪಾಲಾದವು. 80ರ ದಶಕದ ಹೊತ್ತಿಗೆ ಡಡ್ಲಿ ಸುತ್ತಮುತ್ತ ಸುಮಾರು 1,300 ಸೈಟು ಖಾಲಿ. ಬೇರೆ ಕಡೆಯವರು ರಾತ್ರೋರಾತ್ರಿ ಲಾರಿಯಲ್ಲಿ ಕಸ ತಂದು ಸುರಿದು ಹೋಗುತ್ತಿದ್ದರು.

1984ರಲ್ಲಿ ಅಲ್ಲಿನ ನಿವಾಸಿಗಳು ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಶಿಯೇಟಿವ್ ಅಂತ ಸಂಘ ಕಟ್ಟಿದರು. ಕಪ್ಪು ಅಮೆರಿಕನ್ನರು, ಆಫ್ರಿಕಾ ಪಕ್ಕದ ಕೇಪ್ ವರ್ಡ್ ದ್ವೀಪದವರು, ಲ್ಯಾಟಿನೋಗಳು, ಬಿಳಿಯರು, ನಾಲ್ಕೂ ಗುಂಪಿಗೆ ಆಡಳಿತ ಮಂಡಳಿಯಲ್ಲಿ ಸಮ ಸ್ಥಾನ. ಮೊದಲು ಕಸದ ವಿರುದ್ಧ ಜಗಳ. ಆಮೇಲೆ 1988ರಲ್ಲಿ ಆದದ್ದು ದೊಡ್ಡ ಸಂಗತಿ: 64 ಎಕರೆ ಪ್ರದೇಶದೊಳಗಿನ ಖಾಲಿ ಸೈಟುಗಳಿಗೆ ಭೂಸ್ವಾಧೀನದ ಅಧಿಕಾರವೇ ಈ ಸಂಘದ ಟ್ರಸ್ಟಿಗೆ ಸಿಕ್ಕಿತು. ನಮ್ಮಲ್ಲಿ ಭೂಸ್ವಾಧೀನ ಅಂದರೆ ರೈತನ ಎದೆ ಝಲ್ಲೆನ್ನುತ್ತದೆ ಅಲ್ವಾ? ಇಲ್ಲಿ ಆ ಅಸ್ತ್ರ ಓಣಿಯವರ ಕೈಗೇ ಬಂತು. ಅಲ್ಲಿ ಖಾಲಿ ಇದ್ದದ್ದು ಸುಮಾರು 30 ಎಕರೆ, ಅದರಲ್ಲಿ ಅರ್ಧದಷ್ಟು ಸಿಟಿಯದೇ.

ಈಗ ನಿಮ್ಮ ಬಿಡಿಎ ಪ್ರಶ್ನೆ. ಬಿಡಿಎ ಸೈಟಿಗೆ ಲೀಸ್ ಕಮ್ ಸೇಲ್ ಕರಾರು ಇರುತ್ತದೆ. ಹತ್ತು ವರ್ಷ ಮಾರುವ ಹಾಗಿಲ್ಲ, ಆಮೇಲೆ ಕ್ರಯಪತ್ರ ಕೈಗೆ ಬಂದರೆ ಮಾರ್ಕೆಟ್ ರೇಟು ಏನಿದೆಯೋ ಅದು ನಿಮ್ಮದು. ಡಡ್ಲಿಯಲ್ಲಿ ನೆಲ ಎಂದೂ ಮಾರಾಟಕ್ಕಿಲ್ಲ. ಮನೆ ನಿಮ್ಮದು, ಅಡಿಯ ಜಾಗ ಟ್ರಸ್ಟಿನದು, 99 ವರ್ಷದ ಲೀಸ್. ನೆಲದ ದುಡ್ಡು ಕೊಡಬೇಕಾಗಿಲ್ಲವಾದ್ದರಿಂದ ಮನೆ ಅಗ್ಗ. ಮಾರುವಾಗಲೂ ಬೆಲೆಗೆ ಮಿತಿ ಇದೆ, ಮುಂದಿನ ಕುಟುಂಬಕ್ಕೂ ಅದು ಕೈಗೆಟುಕಲಿ ಅಂತ. ಇಂಥ ಮನೆಗಳು ಇನ್ನೂರಕ್ಕೂ ಜಾಸ್ತಿ ಇವೆ, ಕೆಲವು ಬಾಡಿಗೆಯವು ಸೇರಿ.

ಈ ಲೀಸಿನ ಐಡಿಯಾಕ್ಕೆ ನಮ್ಮ ಕಡೆಯ ಬೇರೂ ಇದೆ, ಗೊತ್ತಾ? 1969ರಲ್ಲಿ ಜಾರ್ಜಿಯಾದಲ್ಲಿ ಕಪ್ಪು ರೈತರಿಗಾಗಿ ಇಂಥ ಮೊದಲ ಟ್ರಸ್ಟು ಶುರುವಾಯಿತು, ಸುಮಾರು 5,700 ಎಕರೆ. ಅದರ ರೂಪುರೇಷೆಯಲ್ಲಿ ಕೈಜೋಡಿಸಿದ್ದ ರಾಬರ್ಟ್ ಸ್ವಾನ್ ಅವರ ಮೇಲೆ ವಿನೋಬಾ ಭಾವೆಯವರ ಗ್ರಾಮದಾನದ, ಅಂದರೆ ಜಮೀನನ್ನು ಇಡೀ ಊರಿನ ಹೆಸರಿಗೆ ಬಿಟ್ಟುಕೊಡುವ ಚಳವಳಿಯ, ಪ್ರಭಾವವಿತ್ತು. ಆ ಗ್ರಾಮದಾನದ ಬಗ್ಗೆ 1957ರಲ್ಲಿ ನೆಹರೂ ಸಹ ಬಂದು ಕೂತು ಚರ್ಚೆ ಮಾಡಿದ್ದು ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲಿ.

ಇನ್ನು ಜನಾಂಗದ ವಿಚಾರ. "ಈ ಮನೆ ಕಪ್ಪು ಜನರಿಗೆ ಮಾತ್ರ" ಅಂತ ಬರೆಯುವ ಹಾಗೇ ಇಲ್ಲ, 1968ರ ಫೇರ್ ಹೌಸಿಂಗ್ ಕಾಯ್ದೆ ಅಡ್ಡ ಬರುತ್ತದೆ. ಹಾಗಾಗಿ ಸಿಟಿಗಳು ಆದಾಯ ನೋಡುತ್ತವೆ, ಅಪ್ಪ ಅಮ್ಮನಿಗೆ ಸ್ವಂತ ಮನೆ ಇತ್ತಾ ಅಂತಲೂ ಕೆಲವು ಕೇಳುತ್ತವೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ದಾರಿ ನನಗೆ ಇಷ್ಟ. ಅಲ್ಲಿ ಸಿಟಿ ಯೋಜನೆಗಳಿಗಾಗಿ ಒಕ್ಕಲೆಬ್ಬಿಸಿದ ಬಡಾವಣೆಗಳಲ್ಲಿ ನೀವೋ, ನಿಮ್ಮ ಅಪ್ಪ ಅಮ್ಮ ಅಜ್ಜ ಅಜ್ಜಿಯೋ ಇದ್ದರೆ ಹಳೇ ವಿಳಾಸ ತೋರಿಸಿದರೆ ಸಾಕು, ಸರದಿಯಲ್ಲಿ ಮುಂದೆ ಬರುತ್ತೀರಿ. ಯಾರಿಗೆ ಅನ್ಯಾಯ ಆಯಿತೋ ಅವರಿಗೇ ನೇರವಾಗಿ ತಲುಪುತ್ತದೆ.

ನನ್ನ ಆಫೀಸಿನ ಗೆಳೆಯನೊಬ್ಬನ ಅಮ್ಮ ಡಡ್ಲಿಯ ಇಂಥದೇ ಒಂದು ಮನೆಯಲ್ಲಿದ್ದಾರೆ. ಕೇಪ್ ವರ್ಡ್ ಮೂಲದವರು. ಹಿತ್ತಲಲ್ಲಿ ಜೋಳ, ಬೀನ್ಸು, ಎಲೆಕೋಸಿನ ಥರದ ಸೊಪ್ಪು. ಒಂದು ಸಲ ಊಟಕ್ಕೆ ಹೋದಾಗ ಪ್ಲಾಸ್ಟಿಕ್ ಕವರಿನಿಂದ ಎರಡು ಪತ್ರ ತೆಗೆದು ತೋರಿಸಿದರು, ಮನೆಯದೊಂದು, ನೆಲದ ಲೀಸಿನದೊಂದು. 2008ರ ನಂತರ ಸುತ್ತಲಿನ ಬೀದಿಗಳಲ್ಲಿ ಸಾಲ ಕಟ್ಟಲಾಗದೆ ಮನೆಗಳು ಹರಾಜಾಗುವಾಗ ತಾವು ನಿಶ್ಚಿಂತೆಯಾಗಿ ಮಲಗಿದ್ದೆ ಅಂದರು. ಮಗನಿಗೆ ಅಷ್ಟು ಸಮಾಧಾನ ಇಲ್ಲ. ಬಾಸ್ಟನ್ ಹತ್ತಿರದ ಬ್ರಾಕ್ಟನ್‌ನಲ್ಲಿ ಮಾಮೂಲಿ ಮನೆ ಕೊಂಡ ಅವನ ಕಸಿನ್ ಅದನ್ನು ಮಾರಿ ಮಕ್ಕಳನ್ನು ಕಾಲೇಜಿಗೆ ಸೇರಿಸಿದ. "ಬಿಳಿಯರು ಮನೆ ಕೊಂಡಾಗ ಯಾರೂ ಮಿತಿ ಹಾಕಲಿಲ್ಲ, ನಮ್ಮ ಸರದಿ ಬಂದಾಗಲೇ ಯಾಕೆ?" ಅನ್ನೋದು ಅವನ ವಾದ.

ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. 2015ರಲ್ಲಿ ಇಲ್ಲಿನ ಫೆಡರಲ್ ರಿಸರ್ವ್ ಬ್ಯಾಂಕ್ ಹೊರತಂದ ವರದಿಯಲ್ಲಿ ಬಾಸ್ಟನ್ ಭಾಗದ ಬಿಳಿ ಕುಟುಂಬಗಳ ಸಾಲ ಕಳೆದು ಉಳಿಯುವ ಆಸ್ತಿ, ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ್ದು, 2,47,500 ಡಾಲರ್. ವಲಸೆ ಬಂದವರಲ್ಲದ ಕಪ್ಪು ಕುಟುಂಬಗಳದ್ದು 8 ಡಾಲರ್. ಸೊನ್ನೆ ಬಿಟ್ಟುಹೋಗಿಲ್ಲ, ಎಂಟೇ ಡಾಲರ್. ಬೆಲೆಗೆ ಮಿತಿ ಹಾಕಿದ ಮನೆಯಿಂದ ಈ ಕಂದಕ ತುಂಬುವುದಿಲ್ಲ. ಆದರೂ ಮಿತಿ ತೆಗೆದುಬಿಟ್ಟರೆ ಲಾಭ ಮೊದಲ ಕುಟುಂಬಕ್ಕೆ ಮಾತ್ರ, ಎರಡನೇ ಕುಟುಂಬದ ಹೊತ್ತಿಗೆ ಆ ಮನೆ ಶ್ರೀಮಂತರ ಪಾಲು. ನೆಲ ಟ್ರಸ್ಟಿನಲ್ಲೇ ಇರಲಿ, ಆದರೆ ಮಾರುವವರಿಗೆ ಸಿಗುವ ಪಾಲು ಈಗಿನದಕ್ಕಿಂತ ಜಾಸ್ತಿ ಆಗಲಿ, ಆ ಖರ್ಚು ಸಿಟಿ ಹೊರಲಿ ಅಂತ ನನ್ನ ಲೆಕ್ಕ. ಗೆಳೆಯನಿಗೆ ಹೀಗೆ ಹೇಳಿದೆ. ಅವನು ಒಪ್ಪಲಿಲ್ಲ. ಅವನ ಅಮ್ಮ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳದೆ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.